ಬಂದಾನು, ಬಂದೀತು

ಬಾನಿನಲ್ಲಿ ಮೋಡವಿದೆ, ಮಳೆ ಬರುತ್ತದೆಂದು ಹೇಳುವ ಧೈರ್ಯವಿಲ್ಲ, ಬಾರದೆನ್ನಲೂ ಮನಸ್ಸಿಲ್ಲ. ಆಗ ನಮ್ಮ ರಾಜಾನುಕುಂಟೆಯ ಹಿರಿಯರು 'ಮಳೆ ಬಂದೀತು' ಎನ್ನುತ್ತಾರೆ. ವೈಯಾಕರಣರು ಸಂಭಾವನಾರ್ಥಕವೆಂದು ಕರೆದ ಈ ರೂಪದ ಬೆಲೆ ನನಗೆ ಚೆನ್ನಾಗಿ ಮನವರಿಕೆಯಾದುದು ಸ್ಪ್ಯಾನಿಷ್ ಭಾಷೆಯನ್ನು ಅಭ್ಯಸಿಸತೊಡಗಿದ ಮೇಲೆ.

ಆ ಭಾಷೆಯಲ್ಲಿ ಇಂಥ ರೂಪದ ರಚನೆ ಬಹು ಸರಳ. ನಿಯತ ಕ್ರಿಯಾಪದದ ಮೂಲರೂಪವನ್ನು ಕತ್ತರಿಸದೆ ತುದಿಗೆ 'ಈಯ' ಸೇರಿಸಿದರಾಯಿತು. ಮಾತನಾಡು ಎಂಬರ್ಥದ 'ಆಬ್ಲಾರ್' 'ಆಬ್ಲರೀಯ'ವಾಗುತ್ತದೆ. ತಿನ್ನು ಎಂಬರ್ಥದ 'ಕೊಮೇರ್' 'ಕೊಮೆರೀಯ'. ಬಾಳು ಎಂಬರ್ಥದ 'ಬಿಬೀರ್' 'ಬಿಬಿರೀಯ'. ಮೂರು ಗಣಗಳಿಗೂ ಪ್ರತ್ಯಯ ಒಂದೇ. 'ನಾವು' ಎಂಬ ಕರ್ತೃವಿಗೆ 'ಈಯಮೋಸ್', 'ಅವರು' ಎಂಬುದಕ್ಕೆ 'ಈಯನ್'. ವಿನಯದ ಬೇಡಿಕೆಗೂ, ನಡೆಯದೆ ಹೋದುದರ ಕಲ್ಪನೆಗೂ, 'ಮರಳುವೆನೆಂದು ಹೇಳಿದ್ದ' ಎಂಬಂಥ ಹಿಂದಿನ ಮಾತಿನ ವರದಿಗೂ ಇದೇ ರೂಪ ಒದಗುತ್ತದೆ.

ಸೋಜಿಗವಿರುವುದು 'ಈಯ'ದ ಹುಟ್ಟಿನಲ್ಲಿ. ಲ್ಯಾಟಿನ್ನಿನಲ್ಲಿ 'ಹೊಂದಿರು' ಎಂಬರ್ಥದ ಕ್ರಿಯಾಪದದ ಭೂತರೂಪವೇ ಸವೆದು ಈ ಪ್ರತ್ಯಯವಾಗಿದೆ. 1847ರ ತಮ್ಮ ವ್ಯಾಕರಣದಲ್ಲಿ ಆಂದ್ರೆಸ್ ಬೆಲ್ಯೊ ಇದನ್ನು 'ಭೂತದ ಅನಂತರದ್ದು' ಎಂಬರ್ಥದ ಹೆಸರಿನಿಂದಲೇ ಕರೆದರು.

ಇನ್ನು ಕನ್ನಡವನ್ನು ನೋಡಿ. 'ಬರು' ಧಾತುವಿಗೆ ಸಂಭಾವನೆಯ ಪ್ರತ್ಯಯ ನೇರವಾಗಿ ಹತ್ತದು. 'ಬಂದ' ಎಂಬಲ್ಲಿನ ಭೂತಕಾಲದ ಅಂಗವೇ ಬೇಕು. ಬಂದೇನು, ಬಂದೀಯೆ, ಬಂದಾನು, ಬಂದಾಳು, ಬಂದಾರು, ಬಂದೀತು. ಹಾಗೆಯೇ ಕೊಟ್ಟಾನು, ತಿಂದಾನು. 'ಮಳೆ ಬಂದಿದ್ದರೆ ರಾಗಿ ಬೆಳೆಯುತ್ತಿತ್ತು' ಎಂಬಲ್ಲಿಯೂ ನಡೆಯದುದನ್ನು ಹೇಳಲು ಭೂತವೇ ಆಸರೆ. ಪರಸ್ಪರ ಸಂಬಂಧವಿಲ್ಲದ ಎರಡು ಭಾಷಾಕುಲಗಳು ಹೀಗೆ ಒಂದೇ ದಾರಿ ಹಿಡಿದಿವೆ: ಕಾಣದುದನ್ನು ಊಹಿಸಲು ಕಂಡುದರ ಮೇಲೆ ಕಾಲೂರಿವೆ.

ಸ್ಪ್ಯಾನಿಷ್ ಮಾತುಗಾರರು ತಮ್ಮ ರೂಪವನ್ನು ದಿನನಿತ್ಯ ಬಳಸುತ್ತಾರೆ. ನಮ್ಮ ವಿದ್ಯಾರ್ಥಿಗಳಾದರೋ 'ಬಂದಾನು' ಎಂಬುದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ, ಮಾತಿನಲ್ಲಿ ಎಲ್ಲಕ್ಕೂ 'ಬಹುದು' ಎನ್ನುತ್ತಿದ್ದಾರೆ. 'ಅವನು ಒಳಗೆ ಬರಬಹುದು' ಎಂದರೆ ಅದು ಅಪ್ಪಣೆಯೋ, ಊಹೆಯೋ? 'ಬಂದಾನು' ಎಂದರೆ ಆ ಗೊಂದಲಕ್ಕೆ ಎಡೆಯಿಲ್ಲ. 'ಜೋಕೆ, ಬಿದ್ದೀಯೆ!' ಎಂಬ ತಾಯಿಯ ಕೂಗಿನಲ್ಲಿರುವ ಕಳಕಳಿ 'ನೀನು ಬೀಳಬಹುದು' ಎಂಬುದರಲ್ಲಿ ಎಲ್ಲಿದೆ?

ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ಈ ರೂಪಗಳನ್ನು ಪಟ್ಟಿಯಾಗಿ ಬರೆಸುವುದರ ಜೊತೆಗೆ ತರಗತಿಯ ಮಾತಿನಲ್ಲಿಯೂ ಆಡಿಸಬೇಕು. ಆಡುವ ನಾಲಗೆ ಮರೆತುದನ್ನು ವ್ಯಾಕರಣದ ಪುಸ್ತಕವೊಂದೇ ಎಷ್ಟು ಕಾಲ ಉಳಿಸೀತು?