ಯಾವಾಗ ಶುರುವಾಯ್ತು, ಎಷ್ಟು ಬೇಗ ನಡೀತು

ನಮ್ಮ ಹಾಸ್ಟೆಲ್‌ನಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರು ಒಂದಿಷ್ಟು ಜನ ಇದ್ದೀವಿ. ಮೆಸ್ ಮುಗಿದ ಮೇಲೆ ಒಂದು ವಾದ ಬಂದೇ ಬರುತ್ತೆ: ದಕ್ಷಿಣ ಕೊರಿಯಾ ಹೆಚ್ಚೂಕಡಿಮೆ ನಮ್ಮ ಜೊತೆಗೇ ಶುರು ಮಾಡ್ತು, ಅವರು ಎಲ್ಲಿ, ನಾವು ಎಲ್ಲಿ? "ನಮ್ಮ ಮಂದಿ ಸೋಮಾರಿಗಳು" ಅಂತ ಯಾರೋ ಒಬ್ಬರು ಅಂತಾರೆ, ಅಲ್ಲಿಗೆ ಮಲಗೋ ಹೊತ್ತು. ಆದರೆ ಈ ಉತ್ತರ ನಮಗೆ ಸಾಲಲ್ಲ.

ವಿಶ್ವ ಬ್ಯಾಂಕಿನ 1991ರ ವರದಿಯಲ್ಲಿ ಒಂದು ಲೆಕ್ಕ ಇದೆ. ತಲಾ ಉತ್ಪನ್ನ ದುಪ್ಪಟ್ಟಾಗೋಕೆ ಬ್ರಿಟನ್‌ಗೆ 1780ರಿಂದ 58 ವರ್ಷ ಬೇಕಾಯ್ತು. ಜಪಾನ್‌ಗೆ 1885ರಿಂದ 34. ಕೊರಿಯಾಗೆ 1966ರಿಂದ ಬರೀ 11. ಅಂದ್ರೆ ತಡವಾಗಿ ಶುರು ಮಾಡಿದವರು ಬೇಗ ಓಡ್ತಾರೆ, ಯಾಕಂದ್ರೆ ಯಂತ್ರವನ್ನ ಅವರು ಕಂಡುಹಿಡಿಯಬೇಕಿಲ್ಲ, ಕೊಂಡರೆ ಸಾಕು. ಆದರೆ ಎಲ್ಲಾ ಒಟ್ಟಿಗೆ ಕೊಳ್ಳೋಕೆ ದೊಡ್ಡ ಬಂಡವಾಳ ಬೇಕು. ಅಲೆಕ್ಸಾಂಡರ್ ಗರ್ಷೆಂಕ್ರಾನ್ ಅನ್ನೋ ಅರ್ಥಶಾಸ್ತ್ರಜ್ಞ ಹೇಳಿದ್ದು ಇದನ್ನೇ: ಜರ್ಮನಿಯಲ್ಲಿ ಆ ಕೆಲಸ ಬ್ಯಾಂಕುಗಳು ಮಾಡಿದವು, ಇನ್ನೂ ಹಿಂದಿದ್ದ ರಷ್ಯಾದಲ್ಲಿ ಸರ್ಕಾರವೇ ಮಾಡಬೇಕಾಯ್ತು.

ಇದನ್ನ ನಮ್ಮೂರಿಗೆ ತಂದು ನೋಡೋಣ. ಕಾರ್ಟ್‌ರೈಟ್ ಪವರ್‌ಲೂಮ್‌ಗೆ ಪೇಟೆಂಟ್ ತಗೊಂಡಿದ್ದು 1785ರಲ್ಲಿ. ಆ ಮೊದಲ ಯಂತ್ರ ಸರಿಯಾಗಿ ನೇಯ್ತಾನೂ ಇರಲಿಲ್ಲ, ಅದನ್ನ ತಿದ್ದೋಕೆ ದಶಕಗಳೇ ಹೋದವು. ಅಷ್ಟು ನಿಧಾನವಾಗಿ ಬಂದರೂ ಇಂಗ್ಲೆಂಡಿನ ಕೈಮಗ್ಗದವರು ನುಚ್ಚುನೂರಾದರು. ರಬಕವಿ-ಬನಹಟ್ಟಿಗೆ ಬಂದಿದ್ದು ಮಾತ್ರ ಪೂರ್ತಿ ಪಳಗಿದ ಯಂತ್ರ. ನಮ್ಮ ಗುಂಪಿನ ಒಬ್ಬನ ಅಜ್ಜ ಕುಣಿಮಗ್ಗದಲ್ಲಿ ನೇಯ್ದವರು, ಅಪ್ಪ ಪವರ್‌ಲೂಮ್ ನಡೆಸೋರು, ಇವನು ಮೆಕ್ಯಾನಿಕಲ್ ಓದ್ತಿದ್ದಾನೆ. ಅಲ್ಲಿ ಹಲವು ತಲೆಮಾರು ಹಿಡಿದಿದ್ದು ಇಲ್ಲಿ ಒಂದೇ ಮನೆಯಲ್ಲಿ ಮುಗೀತು. ಯಂತ್ರದ ಹಿಂದೆಯೇ ಸೂರತ್‌ನ ಅಗ್ಗದ ಸೀರೆಯೂ ಬಂತು. ಕೆಲವು ಬಟ್ಟೆಗಳನ್ನ ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯನ್ನ ಕ್ಲಾಸಲ್ಲಿ ಹೇಳಿದ್ರೆ ನಗ್ತಾರೆ, ಟೆಕ್ನಾಲಜಿಗೆ ಬ್ರೇಕ್ ಹಾಕೋದಾ ಅಂತ. ನಮಗೆ ಹಾಗನ್ನಿಸಲ್ಲ. ನೇಕಾರರಿಗೆ ಸ್ವಲ್ಪ ಟೈಮ್ ಕೊಡೋ ಪ್ರಯತ್ನ ಅದು, ಸಾಲಲಿಲ್ಲ ಅನ್ನೋದು ಬೇರೆ ಮಾತು.

ಬೀಳಗಿಯ ಕತೆ ಉಲ್ಟಾ. ಆಲಮಟ್ಟಿಗೆ ಅಡಿಗಲ್ಲು ಬಿದ್ದಿದ್ದು 1964ರಲ್ಲಿ, ಅಣೆಕಟ್ಟು ಮುಗಿಯೋಕೆ ಸುಮಾರು 40 ವರ್ಷ. ಹೇಗೂ ಮುಳುಗೋ ಊರಲ್ಲಿ ಹೊಸ ಮನೆ ಕಟ್ಟೋರು ಯಾರು? ಅಲ್ಲಿ ಜನ ಬದುಕಿದ್ದು ಕಾಯುತ್ತಾ. 2010ರಲ್ಲಿ ನ್ಯಾಯಮಂಡಳಿ ಎತ್ತರವನ್ನ 519.6 ಮೀಟರ್‌ನಿಂದ 524.256ಕ್ಕೆ ಏರಿಸಬಹುದು ಅಂತು, ಕಾಯೋದು ಮತ್ತೆ ಶುರು. ಬಾಗಲಕೋಟೆ-ಕುಡಚಿ ರೈಲಿನ ಬಗ್ಗೆ ಬರೆದ್ರೆ ಪುಟ ಸಾಲಲ್ಲ, ಬಿಡಿ.

ಸರ್ಕಾರದ ವೇಗಕ್ಕೆ ಕಾಯದೆ ನಡೆದಿದ್ದೂ ಇದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ದುಡ್ಡು ಹಾಕಿ, ಮೈಮುರಿದು ದುಡಿದು, 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಬಿಟ್ಟರು. ಹೆಸರು ಶ್ರಮಬಿಂದು ಸಾಗರ. ಗರ್ಷೆಂಕ್ರಾನ್‌ನ ಲೆಕ್ಕದಲ್ಲಿ ಬ್ಯಾಂಕ್ ಇತ್ತು, ಸರ್ಕಾರ ಇತ್ತು, ಪಟ್ಟಿ ಎತ್ತೋ ರೈತರು ಇರಲಿಲ್ಲ! ಕೃಷ್ಣಾ, ಘಟಪ್ರಭಾ ನೀರು ಹೊಲಕ್ಕೆ ಹರಿದಂತೆ ಜೋಳದ ಜಾಗಕ್ಕೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು, ಆ ಕಬ್ಬಿನ ಬಿಲ್ಲಿನಲ್ಲೇ ನಮ್ಮಲ್ಲಿ ಕೆಲವರ ಫೀಸು ಕಟ್ಟಿದ್ದು. ಆದರೆ ನೀರು ಬಂದಷ್ಟು ಬೇಗ ಬಸಿಗಾಲುವೆ ಬರಲಿಲ್ಲ. ಕರಿಮಣ್ಣಲ್ಲಿ ನೀರು ನಿಂತು, ಉಪ್ಪು ಮೇಲೆದ್ದು, ಎಷ್ಟೋ ಹೊಲ ಸವಳಾಗಿವೆ. ಈ ಸಲ ರಜೆಗೆ ಹೋದಾಗ ಊರ ಕಟ್ಟೆ ಮೇಲೆ ಮಾತು ಅದೇ: ಬಸಿಗಾಲುವೆಗೆ ಪಟ್ಟಿ ಎತ್ತೋಣ ಅಂತ ಒಬ್ಬರು, ಸರ್ಕಾರ ಮಾಡಲಿ ಅಂತ ಇನ್ನೊಬ್ಬರು.