ಹೊಸ ಕಾರು ‘ಕಟಕಟ’ ಅಂದ್ರೆ...

ಬಾನೆಟ್ ಮೇಲಿನ ಕುಂಕುಮ ಇನ್ನೂ ಮಾಸಿಲ್ಲ. ಅಷ್ಟರಲ್ಲೇ ಬಿಜೈಯಿಂದ ಸರ್ಕ್ಯೂಟ್ ಹೌಸ್ ಕಡೆ ಏರುವಾಗ ಎಂಜಿನ್‌ನಿಂದ ‘ಕಟಕಟ’ ಸದ್ದು! ಯಜಮಾನ್ರಿಗೆ ಹೇಳಿದರೆ ‘ನಿಂಗೆ ಭ್ರಮೆ’ ಅಂತಾರೆ. ಸರ್ವಿಸ್ ಸೆಂಟರ್‌ನಲ್ಲಿ ‘ಹೊಸ ಗಾಡಿ ಅಲ್ವಾ ಮೇಡಂ, ಓಡ್ತಾ ಓಡ್ತಾ ಸರಿಯಾಗ್ತದೆ’ ಎಂಬ ಸಮಾಧಾನ.

ಕುಕ್ಕರ್‌ನ ಸೀಟಿ ಸ್ವಲ್ಪ ಬದಲಾದರೂ ಗೊತ್ತಾಗುವ ಕಿವಿ ನಿಮ್ಮದು. ಅದನ್ನು ನಂಬಿ. ಆದರೆ ಬಾಯಿಮಾತು ವಾರಂಟಿಗೆ ಸಾಲದು, ದೂರು ಕಾಗದದ ಮೇಲೆ ಬರಬೇಕು.

ಎಲ್ಲ ಸದ್ದೂ ದೋಷವಲ್ಲ

ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಎಂಜಿನ್ ತುಸು ಜೋರಾಗಿ ಓಡುವುದು, ಆಫ್ ಮಾಡಿದ ಮೇಲೆ ಬಿಸಿ ಸೈಲೆನ್ಸರ್ ತಣಿಯುತ್ತಾ ‘ಟಿಕ್ ಟಿಕ್’ ಅನ್ನುವುದು, ರೇಡಿಯೇಟರ್ ಫ್ಯಾನ್ ಭರ್ರನೆ ತಿರುಗುವುದು ಸಹಜ. ಏರಿನಲ್ಲಿ ಮೇಲಿನ ಗೇರ್‌ನಲ್ಲೇ ಎಳೆದರೂ ಎಂಜಿನ್ ಕುಟ್ಟುತ್ತದೆ. ಗೇರ್ ಇಳಿಸಿ ನೋಡಿ, ಸದ್ದು ನಿಲ್ಲದಿದ್ದರೆ ತೋರಿಸಲೇಬೇಕು. ಆಯಿಲ್‌ನ ಕೆಂಪು ದೀಪ ಹೊತ್ತಿದರೆ ಮಾತ್ರ ಮುಂದೆ ಓಡಿಸಬೇಡಿ. ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ.

ಹೀಗೆ ಮಾಡಿ

* ಸದ್ದು ಯಾವಾಗ ಬರುತ್ತದೆ? ಬೆಳಗ್ಗೆಯೋ, ಬಿಸಿಯಾದ ಮೇಲೋ, ಎ.ಸಿ. ಹಾಕಿದಾಗಲೋ? ದಿನಾಂಕ, ಕಿಲೋಮೀಟರ್ ಸಮೇತ ಬರೆದಿಡಿ.

* ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಓಡುವಾಗ ಬರುವ ಸದ್ದನ್ನು ಪಕ್ಕದಲ್ಲಿ ಕುಳಿತವರು ರೆಕಾರ್ಡ್ ಮಾಡಲಿ.

* ಸರ್ವಿಸ್ ಸೆಂಟರ್‌ನವರನ್ನು ಕೂರಿಸಿಕೊಂಡು ಅದೇ ಏರಿನಲ್ಲಿ ಓಡಿಸಿ ತೋರಿಸಿ. ಬೆಳಗಿನ ಸದ್ದಾದರೆ ಕಾರನ್ನು ರಾತ್ರಿ ಅಲ್ಲೇ ಬಿಡಿ.

* ಜಾಬ್ ಕಾರ್ಡ್‌ನಲ್ಲಿ ‘ಜನರಲ್ ಚೆಕಪ್’ ಎಂದು ಬರೆದರೆ ಒಪ್ಪಬೇಡಿ. ‘ಎಂಜಿನ್‌ನಲ್ಲಿ ಅಸಹಜ ಸದ್ದು’ ಅಂತಲೇ ಬರೆಸಿ, ಪ್ರತಿ ಸಲವೂ ನಕಲು ಕೇಳಿ ಪಡೆಯಿರಿ.

* ಎರಡು-ಮೂರು ಭೇಟಿಯಲ್ಲೂ ಸರಿಯಾಗದಿದ್ದರೆ ಡೀಲರ್‌ಗೂ ಕಂಪನಿಗೂ ಇ-ಮೇಲ್ ಕಳಿಸಿ.

* ‘ನಮ್ಮ ಪರಿಚಯದ ಮೆಕ್ಯಾನಿಕ್ ಇದ್ದಾನೆ’ ಎಂದು ಹೊರಗೆ ಎಂಜಿನ್ ಬಿಚ್ಚಿಸಬೇಡಿ. ವಾರಂಟಿ ತಪ್ಪಿಸಿಕೊಳ್ಳಲು ಅದೇ ನೆಪವಾದೀತು.

ಕಾರನ್ನೇ ಬದಲಿಸ್ತಾರಾ?

ಅಷ್ಟು ಸುಲಭವಲ್ಲ. ದೋಷವಿರುವ ಭಾಗವನ್ನು ದುರಸ್ತಿ ಮಾಡುವುದು ಅಥವಾ ಬದಲಿಸುವುದು ಎಂದಷ್ಟೇ ವಾರಂಟಿಯಲ್ಲಿ ಇದ್ದಾಗ, ಇಡೀ ಕಾರು ಬದಲಿಸಿ ಎನ್ನಲಾಗದು ಎಂದು ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆದ್ದರಿಂದ ಮೊದಲು ‘ಕಾರಣ ಹುಡುಕಿ, ದುರಸ್ತಿ ಮಾಡಿ, ಏನು ಮಾಡಿದಿರೆಂದು ಬರೆದುಕೊಡಿ’ ಎಂದು ಕೇಳಿ.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ಕಾರನ್ನು ಬೆಂಗಳೂರಲ್ಲಿ ಕೊಂಡಿದ್ದರೂ ನೀವು ವಾಸಿಸುವ ಮಂಗಳೂರಲ್ಲೇ ದೂರು ಕೊಡಬಹುದು. ವಕೀಲರೇ ಬೇಕೆಂದಿಲ್ಲ. ಕೊಟ್ಟ ಬೆಲೆ 5ರಿಂದ 10 ಲಕ್ಷ ರೂ. ಆಗಿದ್ದರೆ ಶುಲ್ಕ 200 ರೂ., 20 ಲಕ್ಷದವರೆಗೆ 400 ರೂ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅಗತ್ಯವಿದ್ದರೆ ಆಯೋಗ ತಜ್ಞರ ಪರೀಕ್ಷೆಗೂ ಆದೇಶಿಸಬಹುದು. ಆಗ ನಿಮ್ಮ ಕೈಯಲ್ಲಿರುವ ಜಾಬ್ ಕಾರ್ಡ್‌ಗಳೇ ಸಾಕ್ಷಿ.

ಹಾಗಾಗಿ ಗ್ಯಾಸ್ ಪುಸ್ತಕ, ಕರೆಂಟ್ ಬಿಲ್ ಇಡುವ ಜಾಗದಲ್ಲೇ ಕಾರಿಗೂ ಒಂದು ಫೈಲ್ ಮಾಡಿಬಿಡಿ. ಸದ್ದು ಇವತ್ತು ಕೇಳಿಸಿದರೆ ಮೊದಲ ಚೀಟಿ ಇವತ್ತೇ ಅದರೊಳಗೆ ಸೇರಲಿ.