ಕನ್ನಡ ಕಲಿತರು, ತಮ್ಮತನ ಬಿಡಲಿಲ್ಲ

ಕುಶಾಲನಗರದ ಅಂಗಡಿ ಬೀದಿಯಲ್ಲಿ ಒಮ್ಮೆ ನಿಂತು ನೋಡಿ ಸ್ವಾಮಿ. ಕಾಲು ಮುಚ್ಚುವ ‘ಛುಪಾ’ ತೊಟ್ಟು, ಕೈಯಲ್ಲಿ ಜಪಮಣಿ ಹಿಡಿದ ಅಜ್ಜಿಯೊಬ್ಬರು “ಜಾಸ್ತಿ ಆಯ್ತಣ್ಣಾ, ಕಮ್ಮಿ ಮಾಡ್ಕೊಡು” ಅಂತ ಟೊಮೇಟೊ ಚೌಕಾಸಿ ಮಾಡುತ್ತಿರುತ್ತಾರೆ. ಹೊಸಬರಿಗೆ ಇದು ಸೋಜಿಗ. ಊರಿನವರಿಗೆ ದಿನನಿತ್ಯದ್ದು. ಕಾವೇರಿ ದಾಟಿದರೆ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ, ಅಜ್ಜಿಯ ಮನೆ ಅಲ್ಲಿನ ಟಿಬೆಟಿಯನ್ ಕ್ಯಾಂಪಿನಲ್ಲಿ.

1959ರ ಮಾರ್ಚ್‌ನಲ್ಲಿ ದಲೈಲಾಮಾ ಲ್ಹಾಸಾ ತೊರೆದು ಭಾರತಕ್ಕೆ ಬಂದರು. ಬೆನ್ನಿಗೇ ಸಾವಿರಾರು ಜನ. ಇವರಿಗೆ ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ, ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು.

ಹಿಮದ ನಾಡಿನವರಿಗೆ ಇಲ್ಲಿನ ಬಿಸಿಲೇ ಮೊದಲ ಶತ್ರು. ಆಮೇಲೆ ಆನೆ, ಆಮೇಲೆ ಜ್ವರ. ಬಿದಿರು ಕಡಿದು ಗುಡಿಸಲು ಹಾಕಿದರು. ಬಾರ್ಲಿ ಬೆಳೆದು, ಚಮರೀಮೃಗ ಮೇಯಿಸಿ ಗೊತ್ತಿದ್ದ ಕೈಗಳು ಮುಸುಕಿನ ಜೋಳ ಬಿತ್ತಿದವು. ಇವರ ಪುನರ್ವಸತಿಗೆಂದೇ 1968ರಲ್ಲಿ ‘ಮೈರಾಡ’ ಸಂಸ್ಥೆ ಹುಟ್ಟಿತು. ಬೆಳೆ ಸಾಲದೆ ಹೋದಾಗ ಚಳಿಗಾಲಕ್ಕೆ ಊರೂರು ತಿರುಗಿ ಸ್ವೆಟರ್ ಮಾರಿದರು. ಕನ್ನಡ ಕಲಿತದ್ದು ಸಂತೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ!

ಹೊಟ್ಟೆಪಾಡಿಗೆ ಬೇಕಾದ್ದನ್ನೆಲ್ಲ ನಮ್ಮಿಂದ ಕಲಿತರು, ಸರಿ. ಆದರೆ ಮಕ್ಕಳಿಗೆ ಇಟ್ಟ ಹೆಸರು, ಮನೆಯೊಳಗಿನ ಮಾತು, ಶಾಲೆಯಲ್ಲಿ ತಿದ್ದಿಸುವ ಅಕ್ಷರ ಇವನ್ನು ಮಾತ್ರ ಬಿಡಲಿಲ್ಲ. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಶುರುವಾಯಿತು, 1970ರ ಸುಮಾರಿಗೆ ಸೆರಾ ಮಠ ಇಲ್ಲಿ ಮತ್ತೆ ತಲೆಯೆತ್ತಿತು. ಪ್ರವಾಸಿಗಳು ಮುಗಿಬೀಳುವ ಗೋಲ್ಡನ್ ಟೆಂಪಲ್ 1999ರದ್ದು. ಜನ ಅದರ ಚಿನ್ನದ ಬಣ್ಣ ನೋಡಿ ಫೋಟೋ ಹೊಡೆದುಕೊಂಡು ಹೋಗ್ತಾರೆ. ಅದಕ್ಕೆ ಮೂವತ್ತಾರು ವರ್ಷ ಮುಂಚೆ, ಉಣ್ಣೋಕೇ ಕಷ್ಟವಿದ್ದ ಕಾಲದಲ್ಲಿ ಮಠ ಕಟ್ಟೋಕೆ ಹೊರಟರಲ್ಲ, ಅದನ್ನ ಯಾರು ನೋಡ್ತಾರೆ?

ಬೆಂಗಳೂರು ಸೇರಿದ ಎರಡೇ ವರ್ಷಕ್ಕೆ ಮಕ್ಕಳನ್ನ ಇಂಗ್ಲಿಷಿನಲ್ಲೇ ಗದರುವ ನಮ್ಮೋರು ಇಲ್ಲಿಗೆ ಬಂದು ಹೋಗಬೇಕು. ಪರಊರಿಗೆ ಹೊಂದಿಕೊಳ್ಳೋಕೆ ನಮ್ಮ ಮಾತನ್ನ ಬಲಿ ಕೊಡಲೇಬೇಕು ಅಂತ ಯಾವ ಶಾಸ್ತ್ರದಲ್ಲಿದೆ?

ಆದರೆ ಅರವತ್ತು ವರ್ಷ ಕಾಪಾಡಿಕೊಂಡ ಈ ಬದುಕು ಈಗ ಕಾಗದದ ಮುಂದೆ ಸಿಕ್ಕಿಬಿದ್ದಿದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎನ್ನುತ್ತದೆ ಕಾನೂನು. ಟಿಬೆಟಿಯನ್ನರಿಗೂ ಇದು ಅನ್ವಯ ಎಂದು 2013ರಲ್ಲಿ ನಮ್ಮ ಹೈಕೋರ್ಟೇ ಹೇಳಿತು. 2014ರಲ್ಲಿ ಚುನಾವಣಾ ಆಯೋಗ ಇವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2017ರಲ್ಲಿ ಬಂತು ನೋಡಿ ಷರತ್ತು: ಭಾರತದ ಪಾಸ್‌ಪೋರ್ಟ್ ಬೇಕಾದರೆ ನಿರಾಶ್ರಿತರ ನೋಂದಣಿ ಪತ್ರ ಒಪ್ಪಿಸಬೇಕು, ಕ್ಯಾಂಪಿನಲ್ಲಿ ವಾಸ ಇರಕೂಡದು!

ಹಿರಿಯರಲ್ಲಿ ಅನೇಕರಿಗೆ ಪೌರತ್ವವೇ ಬೇಡ. ಅದನ್ನು ತಗೊಂಡರೆ ತಾಯ್ನಾಡಿನ ಹಕ್ಕು ಬಿಟ್ಟುಕೊಟ್ಟ ಹಾಗೆ ಎಂಬ ಅಳುಕು. ಹುಡುಗರಿಗೆ ಕೆಲಸ ಬೇಕು, ಹೊರದೇಶಕ್ಕೆ ಹೋಗಿ ಬರಲು ಪುಸ್ತಕ ಬೇಕು. ಅಮೆರಿಕ, ಕೆನಡಾ, ಯೂರೋಪ್ ಅಂತ ಹೊರಟವರು ಕಡಿಮೆಯಿಲ್ಲ. ಹೊಲ ಕಾಯುವವರು, ಅಕ್ಷರ ಕಲಿಯುವ ಮಕ್ಕಳು ಕಡಿಮೆಯಾದರೆ ಮಠದ ಗೋಪುರವೊಂದೇ ಏನು ಉಳಿಸೀತು?

ಮೈಸೂರು ಜಿಲ್ಲೆಯಲ್ಲೇ ಹುಟ್ಟಿ ಬೆಳೆದವನಿಗೆ, ದೇಶ ಬೇಕಾದರೆ ಮನೆ ಬಿಡು, ಮನೆ ಬೇಕಾದರೆ ನಿರಾಶ್ರಿತನಾಗೇ ಇರು ಅನ್ನೋದು ಯಾವ ಲೆಕ್ಕ? ದೆಹಲಿಯವರು ಉತ್ತರ ಹೇಳಲಿ. ಕೇಳೋಕೆ ಬೈಲಕುಪ್ಪೆಯಲ್ಲಿ ಜನ ಇನ್ನೂ ಇದ್ದಾರೆ.